ಮೊದಲ ಕೋವಿ: ನಾಡಕೋವಿಯಾ, ಒಂಟಿ ನಳಿಗೆಯಾ, ಜೋಡಿ ನಳಿಗೆಯಾ?

ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ನನಗೆ ಫೋನು ಶುರುವಾಗುತ್ತದೆ. "ಅಣ್ಣ, ಹಂದಿ ಕಾಟ ತಡೆಯೋಕಾಗ್ತಿಲ್ಲ, ಯಾವ ಕೋವಿ ತಗೊಳ್ಳಲಿ?" ಕೊರಟಗೆರೆ, ಮಧುಗಿರಿ ಕಡೆಯವರೇ ಜಾಸ್ತಿ. ಒಮ್ಮೊಮ್ಮೆ ಗುಡಿಬಂಡೆಯಿಂದ ನೆಂಟರ ನೆಂಟರು ಮಾಡುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಯಾವ ಲೈಸೆನ್ಸಿಗೆ ಅರ್ಜಿ ಹಾಕ್ತಿದ್ದೀಯ? ಆ ಕಡೆ ಸದ್ದೇ ಇರುವುದಿಲ್ಲ.

ಬೈಕಾದರೆ ಶೋರೂಮಿಗೆ ಹೋಗಿ ಮೊದಲು ಮಾಡೆಲ್ ನೋಡಿ ಬರಬಹುದು. ಕೋವಿಯಲ್ಲಿ ಅದು ಉಲ್ಟಾ. ಮೊದಲು ತರಬೇತಿ, ಆಮೇಲೆ ಲೈಸೆನ್ಸ್, ಕೊನೆಗೆ ಕೋವಿ. ನೀವು ಯಾವ ಕಾರಣ ಬರೆದು ಅರ್ಜಿ ಹಾಕುತ್ತೀರಿ ಅನ್ನುವುದರ ಮೇಲೆಯೇ ಯಾವ ಕೋವಿ ಸಿಗುತ್ತದೆ ಅನ್ನುವುದೂ ಬಹಳ ಮಟ್ಟಿಗೆ ತೀರ್ಮಾನ ಆಗುತ್ತದೆ. ಇದು ಗೊತ್ತಿಲ್ಲದೆ ಅಂಗಡಿಯಲ್ಲಿ ಜೋಡಿ ನಳಿಗೆ ನೋಡಿ ಮನಸ್ಸು ಕೊಟ್ಟು, ಅಡ್ವಾನ್ಸ್ ಬೇರೆ ಕೊಟ್ಟು ಬಂದವರನ್ನು ನೋಡಿದ್ದೇನೆ.

ಕೋವಿಯೇ ಬೇಕಾ?

ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೂ ಕೇಳುತ್ತೇನೆ. ಕೈಯಲ್ಲಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹೊಲಕ್ಕೆ ಬಂದ ಪ್ರಾಣಿಗೆ ಹೊಡೆಯಬಹುದು ಅಂತಲ್ಲ. ಕೋವಿ ಇಟ್ಟುಕೊಳ್ಳುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ, ಪ್ರಾಣಿಗೆ ಹೊಡೆಯುವುದಕ್ಕೆ 1972ರ ವನ್ಯಜೀವಿ ಕಾಯ್ದೆ. ಎರಡೂ ಬೇರೆ ಬೇರೆ. ಪೈರು ಹಾಳು ಮಾಡುವ ಹಂದಿಗೆ ಹೊಡೆಯಬೇಕಾದರೂ ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಬೇಕು. ಕರಡಿ, ಚಿರತೆ, ನವಿಲು ಮೂರೂ ಮೊದಲನೇ ಶೆಡ್ಯೂಲಿನವು, ಅಂದರೆ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಪಟ್ಟಿಯವು, ಅವುಗಳ ಮಾತೇ ಬೇಡ. ಕೃಷ್ಣಮೃಗಗಳ ಮೀಸಲು ಪ್ರದೇಶ ಇರುವ ಮೈದನಹಳ್ಳಿ ಸುತ್ತ ಜಮೀನಿರುವವರಿಗೆ ಕೃಷ್ಣಮೃಗದ ವಿಷಯ ನಾನು ಹೇಳಬೇಕಾಗಿಲ್ಲ.

ಅಂದರೆ ವರ್ಷದ ಬಹುಪಾಲು ದಿನ ನಿಮ್ಮ ಕೋವಿ ಮಾಡುವ ಕೆಲಸ ಸದ್ದು ಮಾಡುವುದು, ಅಷ್ಟೇ. ಬರೀ ಸದ್ದಿಗೆ ಇಷ್ಟೆಲ್ಲ ಬೇಕಾ ಅಂತ ಯೋಚಿಸಿ. ಅಕ್ಕಪಕ್ಕದ ನಾಲ್ಕು ಜಮೀನಿನವರು ಸೇರಿ ಸೋಲಾರ್ ಬೇಲಿ ಹಾಕಿದರೆ ರಾತ್ರಿ ನಿದ್ದೆಯಾದರೂ ಬರುತ್ತದೆ. (ಕಂಬದಿಂದ ನೇರ ಕರೆಂಟ್ ಎಳೆದು ಬೇಲಿಗೆ ಕೊಡುವುದು ಬೇರೆ ವಿಷಯ. ಅದು ಅಪರಾಧ, ಮೇಲಾಗಿ ಮನೆಯವರನ್ನೇ ಕೊಲ್ಲುತ್ತದೆ.) ಬೆಳೆ ಹೋದರೆ ಅರಣ್ಯ ಇಲಾಖೆಯ ಪರಿಹಾರವೂ ಇದೆ. ಫೋಟೋ, ಪಹಣಿ ಇಟ್ಟುಕೊಂಡು ಅರ್ಜಿ ಹಾಕಬೇಕು.

ಏರ್‌ಗನ್ ಸಾಕಾ ಅಂತ ಕೆಲವರು ಕೇಳುತ್ತಾರೆ. ನಳಿಗೆ 0.177 ಇಂಚು ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೌಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಗುರುತಿನ ಚೀಟಿ ತೋರಿಸಿ ತರಬಹುದು. ಗುರಿ ಕಲಿಯುವುದಕ್ಕೆ ಒಳ್ಳೆಯದು. ಹಂದಿಗೆ ಅದು ಸೊಳ್ಳೆ ಕಚ್ಚಿದಂತೆ. ನವಿಲಿಗೆ, ಮಂಗಕ್ಕೆ ಹೊಡೆದು ಕಣ್ಣು ಕಳೆದರೆ ಕೇಸು ಮಾತ್ರ ಕೋವಿಯಷ್ಟೇ ದೊಡ್ಡದು.

ಯಾವ ಲೈಸೆನ್ಸ್?

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ, ಜಿಲ್ಲಾ ದಂಡಾಧಿಕಾರಿಯಾಗಿ. ಬೆಂಗಳೂರಿನಂಥ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್. ಅರ್ಜಿದಾರರಿಗೆ 21 ವರ್ಷ ಆಗಿರಬೇಕು. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡು ಕೋವಿ ಮಾತ್ರ, ಮೊದಲು ಮೂರು ಇತ್ತು. ಲೈಸೆನ್ಸ್ ಅವಧಿ ಮೂರು ವರ್ಷ ಇದ್ದದ್ದು ಐದು ಆಗಿದೆ. ಕೊಡಗಿನ ಸ್ನೇಹಿತರು "ನಮಗೆ ಲೈಸೆನ್ಸೇ ಬೇಡ" ಅಂದರೆ ಅದನ್ನು ನಂಬಿ ಕೂರಬೇಡಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಅದು. ನಮಗಿಲ್ಲ.

ರೈತರು ಸಾಮಾನ್ಯವಾಗಿ ಹಾಕುವುದು ಬೆಳೆ ರಕ್ಷಣೆ ಅಂತ. ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಬೆಳೆ ರಕ್ಷಣೆಗೆ ಮೊದಲು ಲೆಕ್ಕಕ್ಕೆ ಬರುವುದು ನಳಿಗೆಯ ಬಾಯಿಂದ ಮದ್ದಿನ ಪುಡಿ ತುಂಬುವ ಕೋವಿ, ಅಂದರೆ ನಮ್ಮ ನಾಡಕೋವಿ. ತೋಟಾ (ಮದ್ದು, ಗುಂಡು ಒಳಗೇ ತುಂಬಿ ಬರುವ ಕಾರ್ಟ್ರಿಡ್ಜ್) ಹಾಕುವ ಕೋವಿ ಬೇಕೆಂದರೆ, ನಾಡಕೋವಿಯಿಂದ ನನ್ನ ಪೈರು ಉಳಿಯುವುದಿಲ್ಲ ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ಹಾಗಾಗಿ ಅರ್ಜಿಯಲ್ಲಿ "ಹಂದಿ ಕಾಟ ಇದೆ" ಅಂತ ಒಂದು ಸಾಲು ಗೀಚಿ ಕೊಡಬೇಡಿ. ಎಷ್ಟು ಎಕರೆ, ಯಾವ ಬೆಳೆ, ಗುಡ್ಡ ಎಷ್ಟು ದೂರ, ಹಿಂದೆ ಎಷ್ಟು ಸಲ ಪರಿಹಾರಕ್ಕೆ ಅರ್ಜಿ ಹಾಕಿದ್ದಿರಿ, ಎಲ್ಲ ಬರೆಯಿರಿ, ಪಹಣಿ ಜೊತೆ ಆ ಪರಿಹಾರದ ಅರ್ಜಿಯ ನಕಲೂ ಇಡಿ. ಈ ಲೈಸೆನ್ಸಿನಲ್ಲಿ ಕೋವಿ ಎಲ್ಲಿ ಬಳಸಬೇಕು ಅನ್ನುವುದನ್ನೂ ಬರೆದಿರುತ್ತಾರೆ. ಆ ಜಾಗ ಬಿಟ್ಟು ಮಾವನ ಮನೆಯ ತೋಟಕ್ಕೆ ತೆಗೆದುಕೊಂಡು ಹೋಗುವ ಹಾಗಿಲ್ಲ.

ಇನ್ನೊಂದು ಆತ್ಮರಕ್ಷಣೆಯ ಲೈಸೆನ್ಸ್. ಇದರಲ್ಲಿ ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ ತೋಟಾ ಕೋವಿ ಕೇಳಬಹುದು. ಆದರೆ ತೋಟದ ಮನೆ ಒಂಟಿಯಾಗಿದೆ ಅನ್ನುವುದಷ್ಟೇ ಸಾಲುವುದಿಲ್ಲ, ನಿಜವಾಗಿ ಏನು ಅಪಾಯ ಇದೆ ಅಂತ ಪೊಲೀಸರು ವಿಚಾರಿಸುತ್ತಾರೆ. ಊರಲ್ಲಿ ಜಮೀನಿನ ವ್ಯಾಜ್ಯ ನಡೆಯುತ್ತಿದ್ದರೆ ಅದೇ ತಿರುಗಿ ಹೊಡೆಯಬಹುದು. ವ್ಯಾಜ್ಯ ಇರುವವನ ಕೈಗೆ ಕೋವಿ ಕೊಡಲು ಯಾವ ಠಾಣೆಯವರು ಇಷ್ಟಪಡುತ್ತಾರೆ ಹೇಳಿ? ಕ್ರೀಡೆಗೆ ಅಂತ ಹಾಕುವುದು ಶೂಟಿಂಗ್ ಕ್ಲಬ್ಬಿನಲ್ಲಿ ನಿಜವಾಗಿ ಆಡುವವರಿಗೆ ಸರಿ. ಸುಮ್ನೆ ಸುಲಭದ ದಾರಿ ಅಂದುಕೊಂಡು ಹಾಕಬೇಡಿ.

ಮೂರನೆಯದು ಅಪ್ಪನ ಕೋವಿ. ನನ್ನದು ಹೀಗೆ ಬಂದದ್ದು, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಆ ಕೋವಿ ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಬಿಟ್ಟುಕೊಡಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ. ನಮ್ಮಪ್ಪನಿಗೆ ಎರಡೂ ಆಗಿತ್ತು. ನಾನು ಹೇಳುತ್ತಲೇ ಇದ್ದೆ, ಅವರು "ನಾನಿನ್ನೂ ಸತ್ತಿಲ್ಲ" ಅನ್ನುತ್ತಲೇ ಇದ್ದರು. ಅವರು ಹೋದಮೇಲೆ ಕಾರ್ಯ, ತಿಥಿ ಅಂತ ಕೋವಿ ಅಟ್ಟದ ಮೇಲೆ ಹಾಗೇ ಉಳಿಯಿತು. ಒಂದು ದಿನ ಪರಿಚಯದ ವಕೀಲರೊಬ್ಬರು ಕೇಳಿ ಬೆಚ್ಚಿಬಿದ್ದರು. ಲೈಸೆನ್ಸುದಾರ ತೀರಿಕೊಂಡ ಮೇಲೆ ಕೋವಿಯನ್ನು ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಇಟ್ಟು ರಸೀದಿ ತೆಗೆದುಕೊಳ್ಳಬೇಕು. ಮಗನೇ ಆದರೂ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಟ್ಟುಕೊಂಡರೆ ಅದು ಅಕ್ರಮ ಕೋವಿಯೇ, ಎರಡರಿಂದ ಐದು ವರ್ಷ ಜೈಲಿನ ಅಪರಾಧ. ಅವತ್ತೇ ಮಧ್ಯಾಹ್ನ ಠಾಣೆಗೆ ಕೊಟ್ಟು ಬಂದೆ. ಆಮೇಲೆ ಅಕ್ಕ, ತಮ್ಮ ಇಬ್ಬರಿಂದಲೂ ತಕರಾರಿಲ್ಲ ಅಂತ ಬರೆಸಿಕೊಂಡು ನನ್ನ ಹೆಸರಿಗೆ ಅರ್ಜಿ ಹಾಕಿದೆ. ಖರ್ಚಿನ ಲೆಕ್ಕದಲ್ಲಿ ಇದೇ ಅಗ್ಗದ ದಾರಿ. ಆದರೆ ತರಬೇತಿಯಿಂದ ವಿನಾಯಿತಿ ಸಿಕ್ಕೀತು ಅಂದುಕೊಳ್ಳಬೇಡಿ, ಅಪ್ಪನ ಜೊತೆ ಹೊಲ ಕಾದಿದ್ದೇನೆ ಅನ್ನುವುದು ಯಾವ ಕಚೇರಿಯಲ್ಲೂ ಸರ್ಟಿಫಿಕೇಟ್ ಅಲ್ಲ.

ಉಳಿದ ಕಾಗದ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಫಾರ್ಮ್ ಎ-1 ಅರ್ಜಿ, ಗುರುತು ಮತ್ತು ವಿಳಾಸ, ವಯಸ್ಸಿನ ದಾಖಲೆ, ಫೋಟೋ, ದೇಹ ಮತ್ತು ಮನಸ್ಸು ಎರಡೂ ಸರಿಯಿದೆ ಅಂತ ವೈದ್ಯರ ಪತ್ರ, ತರಬೇತಿಯ ಪತ್ರ. ಫೈಲು ಠಾಣೆಗೆ ಹೋಗಿ ಎಸ್‌ಪಿ ಕಚೇರಿ ಮೂಲಕ ವಾಪಸ್ ಬರುತ್ತದೆ. ಪೊಲೀಸ್ ವರದಿಗೆ ನಿಯಮದಲ್ಲಿ 30 ದಿನ ಅಂತಿದೆ. ನಿಮ್ಮ ಜಮೀನು ವನ್ಯಜೀವಿಧಾಮದಿಂದ 10 ಕಿಲೋಮೀಟರ್ ಒಳಗಿದ್ದರೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ತಿಮ್ಲಾಪುರ ಕರಡಿಧಾಮ, ಶಿರಾ ಕಡೆಯ ಬುಕ್ಕಾಪಟ್ಟಣ ಚಿಂಕಾರ ಧಾಮದ ಸುತ್ತಿನವರು ಇದನ್ನು ಮೊದಲೇ ಲೆಕ್ಕ ಹಾಕಿ, ಇಲ್ಲದಿದ್ದರೆ ಫೈಲು ಎಲ್ಲಿ ನಿಂತಿದೆ ಅಂತಲೇ ತಿಳಿಯುವುದಿಲ್ಲ. ಅರ್ಜಿ ತಳ್ಳಿಹಾಕಿದರೆ ಕಾರಣ ಬರಹದಲ್ಲಿ ಕೇಳಿ, ಮೇಲ್ಮನವಿ ಹಾಕಬಹುದು. ಲೈಸೆನ್ಸ್ ಬಂದಾಗ ಅದರಲ್ಲಿ ರಾಷ್ಟ್ರೀಯ ದಾಖಲೆಯ ಯುಐಎನ್ ಸಂಖ್ಯೆ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ.

ಎಲ್ಲಿ ಕಲಿಯುವುದು?

2016ರ ನಿಯಮ ಬಂದಮೇಲೆ ತರಬೇತಿ ಕಡ್ಡಾಯ. ಸರ್ಟಿಫಿಕೇಟಿನ ಹೆಸರು ಫಾರ್ಮ್ ಎಸ್-1. ಕೋವಿ ಹಿಡಿಯುವುದು, ಹಾರಿಸುವುದು, ಒರೆಸಿ ಇಡುವುದು, ಸಾಗಿಸುವುದು ಇಷ್ಟೂ ಅದರಲ್ಲಿ ಬರಬೇಕು.

ನಮ್ಮ ಕಡೆ ಮೂರು ದಾರಿ ಇವೆ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಒಂದು. ಬೆಂಗಳೂರಿನ ಶೂಟಿಂಗ್ ಕ್ಲಬ್ಬು ಇನ್ನೊಂದು. ಖಾಸಗಿಯಾಗಿ ಕಲಿಸುವವರು ಮತ್ತೊಂದು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಮೊದಲು ಮೂರನೆಯದಕ್ಕೆ ಬಿದ್ದೆ. ಅರ್ಧ ದಿನ, ಒಂದು ಭಾಷಣ, ಖಾಲಿ ಕೋವಿ ಹಿಡಿದು ಒಂದು ಫೋಟೋ, ಕೈಗೆ ಸರ್ಟಿಫಿಕೇಟ್. ಒಂದೇ ಒಂದು ತೋಟಾ ಹಾರಿಸಲಿಲ್ಲ. ಅರ್ಜಿಯ ಜೊತೆ ಇಟ್ಟರೆ "ಇದು ನಡೆಯಲ್ಲ" ಅಂತ ವಾಪಸ್ ಬಂತು. ದುಡ್ಡೂ ಹೋಯಿತು, ಎರಡು ತಿಂಗಳೂ ಹೋಯಿತು. ಎಲ್ಲ ಖಾಸಗಿಯವರೂ ಹೀಗೇ ಅಂತಲ್ಲ. ದುಡ್ಡು ಕಟ್ಟುವ ಮೊದಲು ಯಾರ ಸರ್ಟಿಫಿಕೇಟ್ ಒಪ್ಪುತ್ತೀರಿ ಅಂತ ಡಿಸಿ ಕಚೇರಿಯ ಸಂಬಂಧಪಟ್ಟ ಶಾಖೆಯಲ್ಲಿ ಕೇಳಿ. ಐದು ನಿಮಿಷದ ಕೆಲಸ, ನಾನು ಮಾಡಲಿಲ್ಲ.

ಆಮೇಲೆ ಪೊಲೀಸ್ ಶಿಬಿರಕ್ಕೆ ಸೇರಿದೆ. ಬೆಳಗ್ಗೆ ಬೇಗ ಏಳಬೇಕು, ದಿನವೂ ಹಾಜರಿ, ಬೈಗುಳ ಉಚಿತ. ಮೊದಲ ದಿನವೇ ಟ್ರಿಗರ್ ಮೇಲೆ ಬೆರಳಿಟ್ಟು ನಿಂತಿದ್ದಕ್ಕೆ ಕಲಿಸುವವರು ಕೈಮೇಲೆ ಪಟ್ ಅಂತ ಹೊಡೆದರು. ನಲವತ್ತು ದಾಟಿದ ಗಂಡಸು ನಾನು, ಕಾಲೇಜು ಹುಡುಗರ ಮುಂದೆ ಮುಖ ಕೆಂಪಾಯಿತು. ಈಗಲೂ ಕೋವಿ ಎತ್ತಿದಾಗ ಬೆರಳು ತಾನಾಗಿ ಹೊರಗೆ ನೆಟ್ಟಗೆ ನಿಲ್ಲುತ್ತದೆ. ಕೊರತೆ ಅಂದರೆ ಶಿಬಿರ ಬೇಕೆಂದಾಗ ಇರುವುದಿಲ್ಲ, ಪ್ರಕಟಣೆಗೆ ಕಾಯಬೇಕು. ಅಲ್ಲಿ ನನ್ನ ಕೈಗೆ ಬಂದದ್ದು ಜಾಸ್ತಿ ರೈಫಲ್ಲೇ, ಸಣ್ಣ ಕಾಳಿನ ಗುಂಡು ಹಾರಿಸುವ ಚರೆ ಕೋವಿ ಅಲ್ಲ. ಶಿಸ್ತು ಒಂದೇ ಆದರೂ ಚರೆ ಕೋವಿಯ ಒದೆತ ಬೇರೆ, ಹಿಡಿಯುವ ರೀತಿ ಬೇರೆ. ಅದನ್ನು ಚೆನ್ನಾಗಿ ಕಲಿಯಬೇಕೆಂದರೆ ಕ್ಲಬ್ಬೇ ಮೇಲು, ಖರ್ಚು ಮತ್ತು ಬೆಂಗಳೂರಿನ ಓಡಾಟ ತಡೆದುಕೊಳ್ಳುವ ಹಾಗಿದ್ದರೆ. ನನ್ನ ಲೆಕ್ಕದಲ್ಲಿ ಹೊಲದವರಿಗೆ ಪೊಲೀಸ್ ಶಿಬಿರ, ಅದರ ಮೇಲೆ ಚರೆ ಕೋವಿ ಗೊತ್ತಿರುವವರ ಹತ್ತಿರ ಒಂದೆರಡು ದಿನ. ಎನ್‌ಸಿಸಿಯಲ್ಲಿ ಹೊಡೆದಿದ್ದೇನೆ ಅನ್ನುವವರಿಗೂ ಇದೇ ಮಾತು.

ಈಗ ಕೋವಿ

ನಾಡಕೋವಿ ಅಗ್ಗ, ಬೆಳೆ ರಕ್ಷಣೆಗೆ ಸುಲಭವಾಗಿ ಸಿಗುವುದೂ ಅದೇ. ಹೊಸಬರಿಗೆ ಅತಿ ಕಷ್ಟದ್ದೂ ಅದೇ ಅಂತ ನನ್ನ ಅಭಿಪ್ರಾಯ, ಜನ ಉಲ್ಟಾ ತಿಳಿದುಕೊಂಡಿದ್ದಾರೆ. ಮದ್ದು ಅಳೆದು ಸುರಿಯಬೇಕು, ಬಟ್ಟೆಯೋ ನಾರೋ ತುರುಕಬೇಕು, ಚರೆ ಹಾಕಬೇಕು, ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ ಗಿಡಿಯಬೇಕು, ಕೊನೆಗೆ ಮದ್ದಿಗೆ ಕಿಡಿ ಕೊಡುವ ಕೇಪು. ತುಂಬಿದ ಮೇಲೆ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅಪಾಯ ಇರುವುದು ಇಲ್ಲೇ. ರಾತ್ರಿ ತುಂಬಿದ್ದನ್ನು ಹಾರಿಸದೆ ಕೇಪು ಮಾತ್ರ ತೆಗೆದು ಮೂಲೆಗೆ ಒರಗಿಸಿ, ಮರುದಿನ ಮರೆತು ಅದರ ಮೇಲೆ ಇನ್ನೊಂದು ಸಲ ತುಂಬಿದರೆ ನಳಿಗೆ ಸಿಡಿಯುತ್ತದೆ. ನಮ್ಮ ಮಾವನ ಗಜದ ಮೇಲೆ ಒಂದು ಗೀರು ಇದೆ. ಖಾಲಿ ನಳಿಗೆಯಲ್ಲಿ ಗಜ ಇಳಿಸಿದರೆ ಆ ಗೀರು ಸರಿಯಾಗಿ ಬಾಯಿಗೆ ಬರುತ್ತದೆ, ಗೀರು ಮೇಲೆ ನಿಂತರೆ ಒಳಗೆ ಮದ್ದಿದೆ. ನಾಡಕೋವಿ ತೆಗೆದುಕೊಳ್ಳುವವರು ಮೊದಲ ದಿನವೇ ಇದನ್ನು ಮಾಡಿಕೊಳ್ಳಿ. ತೋಟಾ ಬಿಚ್ಚಿ ಅದರ ಮದ್ದನ್ನು ನಾಡಕೋವಿಗೆ ಹಾಕುವ ಸಾಹಸ ಬೇಡ. ಅದು ಹೊಗೆ ಬಾರದ ಮದ್ದು, ಒತ್ತಡವೇ ಬೇರೆ, ಈ ನಳಿಗೆ ತಡೆಯುವುದಿಲ್ಲ. ಕೇಪು ಹೊಡೆದೂ ಹಾರದಿದ್ದರೆ ತಕ್ಷಣ ಬಾಯಿ ಇಣುಕಬೇಡಿ. ಜನರಿಲ್ಲದ ಕಡೆ ತಿರುಗಿಸಿಕೊಂಡು ಒಂದೆರಡು ನಿಮಿಷ ಕಾಯಿರಿ, ತಡವಾಗಿ ಹಾರುವುದುಂಟು.

ಒಂಟಿ ನಳಿಗೆಯ ತೋಟಾ ಕೋವಿ, ಲೈಸೆನ್ಸ್ ಭಾಷೆಯಲ್ಲಿ ಎಸ್‌ಬಿಬಿಎಲ್, ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ಮಡಿಸಿ ತೆರೆದರೆ ಸಾಕು, ಒಳಗೆ ತೋಟಾ ಇದೆಯೋ ಇಲ್ಲವೋ ಆ ಬದಿಯಿಂದ ಈ ಬದಿಗೆ ಬೆಳಕೇ ಹೇಳುತ್ತದೆ. ಬದು ದಾಟುವಾಗ, ಅಟ್ಟಣೆ ಹತ್ತುವಾಗ, ಯಾರಾದರೂ ಎದುರು ಬಂದಾಗ ತೆರೆದು ಮೊಣಕೈ ಮೇಲೆ ಹಾಕಿಕೊಂಡರೆ ನೋಡಿದವರಿಗೂ ನೆಮ್ಮದಿ. ಒಂದು ಸಲ ಹಾರಿಸಿದರೆ ಮುಗಿಯಿತು, ಕೈಯಲ್ಲಿ ಇರುವುದು ಖಾಲಿ ಕೋವಿ. ಜನ ಇದನ್ನು ಕೊರತೆ ಅನ್ನುತ್ತಾರೆ. ಕತ್ತಲಲ್ಲಿ, ಅರ್ಧ ನಿದ್ದೆಯಲ್ಲಿ, ಹಂದಿ ನುಗ್ಗಿದ ಗಾಬರಿಯಲ್ಲಿ ಇರುವವನಿಗೆ ಅದೇ ದೊಡ್ಡ ಕಾವಲು. ಹಗುರ ಇರುವುದರಿಂದ ಭುಜಕ್ಕೆ ಒದೆತ ಸ್ವಲ್ಪ ಜಾಸ್ತಿ. ಹೊರಗೆ ಕುದುರೆ (ಟ್ರಿಗರ್ ಎಳೆದಾಗ ಬಂದು ಹೊಡೆಯುವ ಸುತ್ತಿಗೆ) ಇರುವ ಹಳೆಯ ಕೋವಿಯಾದರೆ ಬೆವರಿದ ಹೆಬ್ಬೆರಳಿನಿಂದ ಕುದುರೆ ಇಳಿಸುವಾಗ ಜಾರುವ ಭಯ ಇದೆ. ಮೊದಲು ತೆರೆದು ತೋಟಾ ತೆಗೆದು ಆಮೇಲೆ ಇಳಿಸಿ.

ಜೋಡಿ ನಳಿಗೆ ನೋಡಲು ಚೆಂದ, ಭುಜಕ್ಕೆ ಚೆನ್ನಾಗಿ ಕೂರುತ್ತದೆ, ಒದೆತವೂ ಕಡಿಮೆ. ಸಾಮಾನ್ಯವಾಗಿ ಎರಡು ಟ್ರಿಗರ್, ಮುಂದಿನದು ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಎಡ ನಳಿಗೆಯ ಬಾಯಿ ಸ್ವಲ್ಪ ಬಿಗಿ ಇರುವುದರಿಂದ ಚರೆ ದೂರದವರೆಗೆ ಒಟ್ಟಾಗಿ ಹೋಗುತ್ತದೆ. ತೊಂದರೆ ಏನೆಂದರೆ ಒಂದು ಹಾರಿಸಿದ ಮೇಲೆ "ಆಯ್ತು" ಅಂತ ಮನಸ್ಸು ಸಡಿಲ ಆಗುತ್ತದೆ, ಇನ್ನೊಂದು ನಳಿಗೆಯಲ್ಲಿ ತೋಟಾ ಹಾಗೇ ಕೂತಿರುತ್ತದೆ. ನನ್ನ ಚಿಕ್ಕಪ್ಪನ ಮಗ ಹಾಗೇ ಮನೆವರೆಗೂ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ, ತೆರೆದು ನೋಡಿದಾಗ ಅವನ ಮುಖ ಬಿಳಿಚಿತು. ಸೇಫ್ಟಿ ಹಾಕಿದ್ದೆನಲ್ಲ ಅಂದ. ಬಹಳ ಕೋವಿಗಳಲ್ಲಿ ಸೇಫ್ಟಿ ಹಿಡಿಯುವುದು ಟ್ರಿಗರನ್ನು ಮಾತ್ರ, ಕೋವಿ ಕೆಳಗೆ ಬಿದ್ದ ಹೊಡೆತಕ್ಕೆ ಒಳಗಿನದು ಹಾರಬಹುದು. ಒಂದೆರಡು ವರ್ಷ ಒಂಟಿ ನಳಿಗೆಯಲ್ಲಿ ಕೈ ಪಳಗಿದ ಮೇಲೆ ಜೋಡಿಗೆ ಹೋಗಿ.

ಪಂಪ್ ಆಕ್ಷನ್ ಬಗ್ಗೆ ಹುಡುಗರು ಕೇಳುತ್ತಾರೆ, ಸಿನಿಮಾ ನೋಡಿ. ಕೊಳವೆಯಲ್ಲಿ ಹಲವು ತೋಟಾ, ಎಳೆದರೆ ಮುಂದಿನದು ಬರುತ್ತದೆ. ಒಂದನ್ನು ಹೊರತೆಗೆದು ಖಾಲಿ ಆಯಿತು ಅಂದುಕೊಳ್ಳುವುದು ಬಹಳ ಸುಲಭ. ಮೊದಲ ಕೋವಿಯಾಗಿ ಬೇಡ.

ಯಾವುದೇ ಆಗಲಿ, 12 ಬೋರ್ (ಬೋರ್ ಅಂದರೆ ನಳಿಗೆಯ ಅಗಲದ ಅಳತೆ) ತೆಗೆದುಕೊಳ್ಳಿ, ತೋಟಾ ಸುಲಭವಾಗಿ ಸಿಗುತ್ತದೆ. ಹಳೆಯ ಕೋವಿಯಾದರೆ ತೋಟಾ ಕೂರುವ ಜಾಗ 65 ಮಿಲಿಮೀಟರಾ, 70ಆ ಅಂತ ನಳಿಗೆಯ ಬುಡದಲ್ಲಿ ಕೊರೆದಿರುವುದನ್ನು ನೋಡಿ. ಪೆಟ್ಟಿಗೆಯ ಮೇಲೆ 70 ಅಂತ ಬರೆದ ತೋಟಾ 65ರ ಕೋವಿಯೊಳಗೂ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಬಿಚ್ಚಲು ಜಾಗ ಇಲ್ಲದಿದ್ದರೆ ಒತ್ತಡ ಏರುತ್ತದೆ. ಮನೆಯಲ್ಲಿ 20 ಬೋರ್ ತೋಟಾ ಬಿದ್ದಿದ್ದರೆ ಜೇಬಿನಲ್ಲಿ 12ರ ಜೊತೆ ಬೆರೆಸಲೇಬೇಡಿ. ಅದು 12ರ ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಖಾಲಿ ಇದೆ ಅಂತ ಅದರ ಹಿಂದೆ ಇನ್ನೊಂದು ಹಾಕಿ ಹೊಡೆದರೆ ಕೈ ಹೋಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಳಿಗೆಯಲ್ಲಿ ತಗ್ಗು, ಒಳಗೆ ಉಬ್ಬಿದ ಬಳೆಯಂಥ ಗುರುತು, ಮುಚ್ಚಿ ಅಲ್ಲಾಡಿಸಿದರೆ ಕಟಕಟ ಸದ್ದು, ಇವಿದ್ದರೆ ಬಿಡಿ. ಮೈಮೇಲೆ ಹಾವಿನ ಪೊರೆಯಂಥ ಚಿತ್ತಾರ ಇರುವ ಬಹಳ ಹಳೆಯ ನಳಿಗೆ ಗೋಡೆಗೆ ಚೆಂದ, ಈಗಿನ ತೋಟಾಕ್ಕಲ್ಲ.

ಚರೆಯ ನಂಬರ್ ದೊಡ್ಡದಾದಷ್ಟು ಕಾಳು ಸಣ್ಣದು. 6ನೇ ನಂಬರಿನ ಸಣ್ಣ ಕಾಳೂ 200 ಮೀಟರ್ ಹೋಗಬಲ್ಲದು, ಎಲ್‌ಜಿಯಂಥ ದಪ್ಪ ಗುಂಡು ಅರ್ಧ ಕಿಲೋಮೀಟರ್ ದಾಟುತ್ತದೆ. ನಮ್ಮ ಕಡೆ ಹೊಲದ ಪಕ್ಕವೇ ಹೊಲ, ಆ ಬದಿಯಲ್ಲೂ ಒಬ್ಬ ಟಾರ್ಚ್ ಆರಿಸಿ ಕೂತಿರುತ್ತಾನೆ. ಪೊದೆ ಅಲುಗಿತು ಅಂತ ಹೊಡೆಯುವವನ ಕೈಗೆ ಕೋವಿ ಕೊಡಬಾರದು. ಗಾಳಿಗೆ ಹಾರಿಸುವುದೂ ಅಷ್ಟೆ. ಮದುವೆ, ಜಾತ್ರೆ, ಆಯುಧ ಪೂಜೆ ಅಂತ ಖುಷಿಗೆ ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪೂಜೆಗೆ ಕುಂಕುಮ ಇಟ್ಟು ಹೂ ಹಾಕಿ ಒಳಗಿಡಿ.

ಮನೆಗೆ ತಂದ ಮೇಲೆ

ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಅಟ್ಟ ಬೀರು ಅಲ್ಲ. ಬೇಸಿಗೆ ರಜೆಗೆ ಬಂದ ಮಕ್ಕಳು ಮೊದಲು ಹತ್ತುವುದೇ ಅಟ್ಟ, ಅಲ್ವಾ? ಕಾವಲಿನ ಆಳಿನ ಕೈಗೆ ಕೊಡಬೇಕಾದರೆ ಅವನ ಹೆಸರು ಲೈಸೆನ್ಸಿನಲ್ಲಿ ರಿಟೇನರ್ ಅಂತ ಸೇರಿರಬೇಕು, "ಇವತ್ತೊಂದು ರಾತ್ರಿ" ಅನ್ನುವ ಲೆಕ್ಕ ಇಲ್ಲ. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಅನ್ನುವುದು ಲೈಸೆನ್ಸಿನಲ್ಲೇ ಇರುತ್ತದೆ. ನಾನು ಒಂದು ಹಳೆಯ ಡೈರಿಯಲ್ಲಿ ತಂದದ್ದು, ಹಾರಿಸಿದ್ದು ತಾರೀಖು ಹಾಕಿ ಬರೆದಿಡುತ್ತೇನೆ, ನವೀಕರಣದ ಹೊತ್ತಿಗೆ ತಡಕಾಡುವುದು ತಪ್ಪುತ್ತದೆ.

ಚುನಾವಣೆ ಬಂದಾಗ ಕೋವಿ ಠಾಣೆಗೆ ಕೊಡಿ ಅಂತ ನೋಟಿಸ್ ಬರುತ್ತದೆ. ಕೊಡುವ ಮುಂಚೆ ನಳಿಗೆಗೆ ಎಣ್ಣೆ ಒರೆಸಿ, ಕೋವಿಯ ನಂಬರ್ ರಸೀದಿಯಲ್ಲಿ ಸರಿಯಾಗಿ ಬರೆದಿದ್ದಾರಾ ನೋಡಿ. ವಾಪಸ್ ತಂದ ದಿನ ತೆರೆದು ಬೆಳಕಿಗೆ ಹಿಡಿಯದೆ ತೋಟಾ ಹಾಕಬೇಡಿ, ನಳಿಗೆಯಲ್ಲಿ ಅಡ್ಡ ಏನಾದರೂ ಇದ್ದರೆ ಅದೇ ಸಿಡಿಯಲು ಸಾಕು. ಹೋದ ಸಲ ನನ್ನದು ಮನೆಗೆ ಬಂದಾಗ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು.